ಒಂದಗುಳು ಸಾಕೇ?

ಮೇಸ್ತ್ರಿಗಳು ಚೀಲದೊಳಗೆ ಕೈಬಿಟ್ಟು ಒಂದು ಕಾಫಿ ಬೀಜ ಹೆಕ್ಕಿ, ಸಿಪ್ಪೆ ಉಜ್ಜಿ ತೆಗೆದು, ದವಡೆ ಹಲ್ಲಿನ ನಡುವೆ ಇಟ್ಟು ಕಚ್ಚಿದರು. ಕಟಕ್ಕೆಂದು ಒಡೆಯಬೇಕಾದದ್ದು ಒಡೆಯಲಿಲ್ಲ. ಬೀಜವನ್ನು ಅಂಗೈಗೆ ತೆಗೆದುಕೊಂಡು, ಅದರ ಮೇಲೆ ಮೂಡಿದ ಹಲ್ಲಿನ ಗುರುತನ್ನು ನನಗೆ ತೋರಿಸಿದರು. “ಇದು ಇನ್ನೂ ಎರಡು ಬಿಸಿಲು ಕಾಣಬೇಕು ತಾಯಿ.”

ನನ್ನ ಮೇಜಿನ ಮೇಲಿದ್ದ ತೇವಾಂಶದ ಮೀಟರ್ 10.4 ಎಂದು ತೋರಿಸುತ್ತಿತ್ತು. ಅರೇಬಿಕಾ ಜಾತಿಯ ಕಾಫಿಯ ಪಾರ್ಚ್‌ಮೆಂಟ್, ಎಂದರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಬೀಜ, ಶೇಕಡಾ ಹತ್ತರ ಆಸುಪಾಸಿನಲ್ಲಿದ್ದರೆ ಗೋದಾಮಿಗೆ ಸೇರಿಸಬಹುದು. ಒಂದು ಕಡೆ ನಲವತ್ತು ವರ್ಷ ಕಣದಲ್ಲಿ ಕಾಫಿ ಹರವಿದ ಮನುಷ್ಯನ ಹಲ್ಲು, ಇನ್ನೊಂದು ಕಡೆ ದಶಾಂಶ ಬಿಂದು ಹೊತ್ತ ಸಂಖ್ಯೆ. ದಶಾಂಶ ಬಿಂದು ಕಂಡರೆ ನನಗೆ ಮೊದಲಿನಿಂದಲೂ ಭಕ್ತಿ. ಮೀಟರ್ ಹೇಳಿದ್ದನ್ನೇ ಪುಸ್ತಕದಲ್ಲಿ ಬರೆದೆ. ಲಾರಿ ಖಾಲಿಯಾಯಿತು, ಮೂಟೆಗಳು ಅಟ್ಟಿ ಸೇರಿದವು. ಮೂರು ವಾರ ಕಳೆದ ಮೇಲೆ ಆ ಅಟ್ಟಿಯ ಪಕ್ಕ ಹಾದುಹೋದ ಹುಡುಗನೊಬ್ಬ ಮೂಗು ಮುಚ್ಚಿಕೊಂಡು ಬಂದು, “ಮೇಡಂ, ಒಳಗೆ ಮುಗ್ಗಲು ವಾಸನೆ” ಎಂದ.

ಆಮೇಲೆ ಗೊತ್ತಾದದ್ದು ಇಷ್ಟು. ಆ ಮೀಟರಿನಲ್ಲಿ ಒಂದೊಂದು ಬಗೆಯ ಕಾಫಿಗೆ ಒಂದೊಂದು ಲೆಕ್ಕವಿದೆ. ಅಳೆಯುತ್ತಿರುವುದು ಅರೇಬಿಕಾ ಪಾರ್ಚ್‌ಮೆಂಟೋ, ಇನ್ನೊಂದು ಜಾತಿಯಾದ ರೊಬಸ್ಟಾದ ಚೆರ್ರಿಯೋ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಎಂದು ಗುಂಡಿ ಒತ್ತಿ ಮೊದಲೇ ಹೇಳಬೇಕು. ಹಿಂದಿನ ಸಂಜೆ ಯಾರೋ ಚೆರ್ರಿ ಅಳೆದು ಹಾಗೆಯೇ ಬಿಟ್ಟಿದ್ದರು. ನಾನು ಪಾರ್ಚ್‌ಮೆಂಟ್ ಸುರಿದು ಚೆರ್ರಿಯ ತೇವಾಂಶ ಓದಿದ್ದೆ.

ಇದು ನಡೆದದ್ದು ಚಿಕ್ಕಮಗಳೂರಿನ ಅಂಚಿನಲ್ಲಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಹೆಸರು ಬೇಡ, ಇವತ್ತಿಗೂ ನನ್ನ ಸಂಬಳ ಬರುವುದು ಅಲ್ಲಿಂದಲೇ. ತೋಟದಿಂದ ಒಣಗಿ ಬಂದ ಕಾಫಿಯ ಸಿಪ್ಪೆ ಬಿಡಿಸಿ, ಗಾತ್ರದ ಪ್ರಕಾರ ಜರಡಿ ಹಿಡಿದು, ಕಪ್ಪು ಬೀಜ, ಒಡಕು ಬೀಜ ಆರಿಸಿ, ಚೀಲ ಹೊಲಿದು ಕಳಿಸುವುದು ಇಲ್ಲಿನ ಕೆಲಸ. ಹತ್ತೊಂಬತ್ತು ವರ್ಷದಿಂದ ನಾನು ಇಲ್ಲಿ ಲೆಕ್ಕ ಬರೆಯುತ್ತಿದ್ದೇನೆ.

ಮುಗ್ಗಲು ಹಿಡಿದ ಆ ಅಟ್ಟಿಗಿಂತ ನನಗೆ ಹೆಚ್ಚು ನಾಚಿಕೆ ತಂದದ್ದು ಬೇರೆ ಒಂದು ಸಂಗತಿ. ಮೀಟರಿನ ಪ್ರಸಂಗಕ್ಕೆ ಸರಿಯಾಗಿ ಎಂಟು ದಿನ ಮೊದಲು ನನಗೆ ‘ದತ್ತಾಂಶ ಸಾಕ್ಷರತೆ’ಯ, ಎಂದರೆ ಸಂಖ್ಯೆಗಳನ್ನು ಸರಿಯಾಗಿ ಓದುವ ವಿದ್ಯೆಯ, ಪ್ರಮಾಣಪತ್ರ ಸಿಕ್ಕಿತ್ತು. ಸಾಹುಕಾರರ ಮಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, ಹೊಸ ಸಾಫ್ಟ್‌ವೇರ್ ಹಾಕಿಸಿ, ನಮ್ಮೆಲ್ಲರಿಗೂ ಪೇಟೆಯ ಹೋಟೆಲಿನಲ್ಲಿ ಎರಡು ದಿನದ ತರಬೇತಿ ಕೊಡಿಸಿದ್ದ. ಕೊಠಡಿ ತಂಪಾಗಿತ್ತು, ಊಟ ಚೆನ್ನಾಗಿತ್ತು. ತರಬೇತಿಗೆ ಬಂದಿದ್ದ ತರುಣ ಐಸ್‌ಕ್ರೀಂ ಹೆಚ್ಚು ಮಾರಾಟವಾದ ತಿಂಗಳಲ್ಲಿ ಕಡಲಲ್ಲಿ ಮುಳುಗುವವರೂ ಹೆಚ್ಚು, ಹಾಗೆಂದು ಐಸ್‌ಕ್ರೀಂ ಜನರನ್ನು ಮುಳುಗಿಸುವುದಿಲ್ಲ ಎಂದು ವಿವರಿಸಿದ. ಮೇಸ್ತ್ರಿಗಳು ನನ್ನ ಕಿವಿಯ ಬಳಿ ಬಗ್ಗಿ, “ಮುಳುಗಿದವರು ಯಾವ ಊರಿನವರಂತೆ?” ಎಂದು ಕೇಳಿದರು. ‘ದತ್ತಾಂಶ’ ಎಂಬ ಪದ ಅವರಿಗೆ ಯಾವುದೋ ದೇವಸ್ಥಾನದ ದತ್ತಿಯ ಹಾಗೆ ಕೇಳಿಸಿತ್ತಂತೆ. ಕೊನೆಯಲ್ಲಿ ಪರೀಕ್ಷೆ. ನನಗೆ 20ಕ್ಕೆ 18.

ಆ ತರುಣನ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಸಂಖ್ಯಾಶಾಸ್ತ್ರದ ದೊಡ್ಡವರೆಂದು ಪರದೆಯ ಮೇಲೆ ತೋರಿಸಿದ ಮುಖಗಳಲ್ಲಿ ನಮ್ಮ ಕಡೆಯದು ಒಂದೂ ಇರಲಿಲ್ಲ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಹೆಸರಿನ ಸೂತ್ರಗಳನ್ನು ಲೋಕವೆಲ್ಲ ಪಾಠವಾಗಿ ಓದುತ್ತದೆ. 2023ರಲ್ಲಿ, ನೂರೆರಡನೆಯ ವಯಸ್ಸಿನಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಹಡಗಲಿಯ ಮಲ್ಲಿಗೆಯ ಜೊತೆಗೆ ಇದನ್ನೂ ಒಂದು ಮಾತು ಹೇಳಿದ್ದರೆ ಮೇಸ್ತ್ರಿಗಳು ಇನ್ನೂ ಹತ್ತು ನಿಮಿಷ ಎಚ್ಚರವಾಗಿರುತ್ತಿದ್ದರು.

ನನಗೆ ಈ ಪಾಠ ಮೊದಲು ಆದದ್ದು ಮನೆಯಲ್ಲಿ. ಅಪ್ಪ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ರೈಟರ್ ಆಗಿದ್ದರು. ಬೇರೆ ಸೀಮೆಯವರಿಗೆ ಒಂದು ಮಾತು: ನಮ್ಮಲ್ಲಿ ರೈಟರ್ ಎಂದರೆ ಕಥೆ ಬರೆಯುವವನಲ್ಲ, ತೋಟದ ಚೆಕ್‌ರೋಲ್ ಬರೆಯುವವನು. ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ, ಹಾಕಿದ ಗೊಬ್ಬರ, ಎಲ್ಲವೂ ಅವನ ಪೆನ್ನಿನಿಂದಲೇ ಇಳಿಯಬೇಕು. ಮಳೆಯೂ ಅಷ್ಟೇ. ತೋಟದ ಬಂಗಲೆಯ ಮುಂದೆ ಮಳೆ ಮಾಪಕವೊಂದು ಇತ್ತು. ಬೆಳಗ್ಗೆ ಎಂಟೂವರೆಗೆ ಅಪ್ಪ ಅದರ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಓದುತ್ತಿದ್ದರು. ಕಾಫಿಯವರು ಮಳೆಯನ್ನು ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ಮಾರ್ಚ್‌ನಲ್ಲಿ ಹೂಮಳೆ, ಎಂದರೆ ಕಾಫಿ ಗಿಡಕ್ಕೆ ಹೂ ತರಿಸುವ ಮಳೆ, ಆದ ಮರುದಿನ ಇಡೀ ಸೀಮೆಯ ಮಾತು ಅದೇ: “ನಿಮ್ಮಲ್ಲಿ ಎಷ್ಟು ಸೆಂಟು?”

ಮಳೆ ಬಾರದ ದಿನ ಅಪ್ಪ ಸೊನ್ನೆ ಬರೆಯುತ್ತಿದ್ದರು. ಜ್ವರ ಬಂದು ಮಲಗಿದ್ದ ದಿನ, ಊರಿಗೆ ಹೋಗಿದ್ದ ದಿನ ಒಂದು ಅಡ್ಡಗೆರೆ ಎಳೆಯುತ್ತಿದ್ದರು. “ಎರಡೂ ಒಂದೇ ಅಲ್ಲವೇ ಅಪ್ಪಾ?” ಎಂದು ನಾನು ಕೇಳಿದ್ದು ನೆನಪಿದೆ. “ಸೊನ್ನೆ ಎಂದರೆ ಹೋಗಿ ನೋಡಿದೆ, ನೀರಿರಲಿಲ್ಲ ಎಂದು. ಗೆರೆ ಎಂದರೆ ನಾನು ನೋಡಲೇ ಇಲ್ಲ ಎಂದು” ಎಂದರು. ಏಳನೆಯ ತರಗತಿಯವರೆಗೆ ಓದಿದ್ದ ಮನುಷ್ಯ. ನಮ್ಮ ಹೊಸ ಸಾಫ್ಟ್‌ವೇರ್ ಖಾಲಿ ಬಿಟ್ಟ ಜಾಗವನ್ನೆಲ್ಲ ತಾನೇ ಸೊನ್ನೆಯಿಂದ ತುಂಬಿಕೊಳ್ಳುತ್ತಿತ್ತು ಎಂದು ಪತ್ತೆಯಾದದ್ದು ನಾಲ್ಕನೆಯ ತಿಂಗಳಲ್ಲಿ. ಅದೇ ಸಾಫ್ಟ್‌ವೇರ್ ಮಳೆಯನ್ನು ಮಿಲಿಮೀಟರಿನಲ್ಲಿ ಕೇಳಿತು. ನಮ್ಮ ಹುಡುಗ ಒಂದು ತೋಟದಿಂದ ಫೋನಿನಲ್ಲಿ ಬಂದ 110 ಸೆಂಟನ್ನು 110 ಎಂದೇ ಒತ್ತಿದ. ಇಪ್ಪತ್ತೆಂಟು ಮಿಲಿಮೀಟರಿನ ಹೂಮಳೆ ಪರದೆಯ ಮೇಲೆ ಪ್ರಳಯವಾಯಿತು.

ಮೀಟರಿನ ಅವಾಂತರದ ಮರುವಾರ ನಾನು ಮೇಸ್ತ್ರಿಗಳ ಬಳಿಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಮೀಟರ್ ಬರುವ ಮುಂಚೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಹಲ್ಲೊಂದೇ ಅಲ್ಲ ಎಂದರು. ಚೆರ್ರಿಯಾದರೆ ಹಿಡಿಯಲ್ಲಿ ತುಂಬಿ ಕಿವಿಯ ಬಳಿ ಅಲ್ಲಾಡಿಸುವುದು, ಒಳಗಿನ ಬೀಜ ಗಲಗಲ ಎನ್ನಬೇಕು. ಅದಕ್ಕೂ ಮೇಲೆ, ಒಂದೇ ಅಳತೆಯ ಡಬ್ಬಿಯಲ್ಲಿ ದಿನಾ ತುಂಬಿ ತೂಗುವುದು. ಎರಡು ದಿನ ಮುಳ್ಳು ಒಂದೇ ಕಡೆ ನಿಂತರೆ ಇನ್ನು ಹೋಗುವ ನೀರು ಉಳಿದಿಲ್ಲ ಎಂದರ್ಥ. ಕೇಳುತ್ತ ನಿಂತ ನನಗೆ ಹೊಟೇಲಿನ ಎರಡು ದಿನ ನೆನಪಾಯಿತು. ಇವರಿಗೆ ಕಲಿಸಲು ಅಷ್ಟು ದೂರದ ಕಡಲು, ಐಸ್‌ಕ್ರೀಂ ಎಲ್ಲ ಬೇಕಾಗಿತ್ತೇ?

ನಾವು ಮೊದಲು ಮಾಡಿದ ಕೆಲಸ ತೀರ ಸಣ್ಣದು. ಒಂದೇ ಚೀಲದ ಪಾರ್ಚ್‌ಮೆಂಟನ್ನು ಚೆನ್ನಾಗಿ ಕಲಸಿ ಒಂದು ಬುಟ್ಟಿಗೆ ಸುರಿದೆವು. ಹತ್ತು ಜನ ಒಬ್ಬೊಬ್ಬರಾಗಿ ಬಂದು, ತಾವೇ ಮೀಟರಿಗೆ ತುಂಬಿ, ತಾವೇ ಓದಿ, ಸ್ಯಾಂಪಲ್ ಕೋಣೆಯ ಗೋಡೆಯ ಮೇಲೆ ಗೀಚಿದ್ದ ಅಳತೆಯಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಚುಕ್ಕೆ ಇಡಬೇಕು. ಗುಂಡಿ ಈ ಸಲ ಸರಿಯಾಗಿಯೇ ಇತ್ತು. ಹಾಗಿದ್ದರೂ ಹತ್ತು ಚುಕ್ಕೆ ಒಂದೇ ಕಡೆ ಬೀಳಲಿಲ್ಲ. 12.1ರಿಂದ 12.9ರವರೆಗೆ ಹರಡಿ, ನಡುವೆ ಗುಂಪಾಗಿ ನಿಂತವು. ಲೋಡಿಂಗ್‌ನ ಹುಡುಗನಿಗೆ ಇದು ಮೋಸವೆನಿಸಿತು. “ಒಂದೇ ಕಾಫಿ, ಒಂದೇ ಮೀಟರ್. ಯಾರದು ಸರಿ?” ಒಬ್ಬರು ಒತ್ತಿ ತುಂಬಿದ್ದರು, ಒಬ್ಬರು ಸಡಿಲವಾಗಿ ಸುರಿದಿದ್ದರು. ಒಬ್ಬರ ಕೈಯ ಮಾದರಿ ಬಿಸಿಲಲ್ಲಿ ನಿಂತು ಬಿಸಿಯಾಗಿತ್ತು. ಇದನ್ನೆಲ್ಲ ಸರಿಪಡಿಸಿ ಮತ್ತೆ ಅಳೆದಾಗ ಚುಕ್ಕೆಗಳು ಹತ್ತಿರ ಸರಿದವು, ಆದರೆ ಒಂದರ ಮೇಲೊಂದು ಕೂರಲಿಲ್ಲ. ಕೂರುವುದೂ ಇಲ್ಲ. ಅಷ್ಟು ಅಲುಗಾಟ ಅಳತೆಯ ಸ್ವಭಾವವೇ. 1924ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿಯೊಂದರ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ ಒಂದು ಪುಟದ ಟಿಪ್ಪಣಿಯಲ್ಲಿ ಮೊದಲು ಚಿತ್ರ ಬರೆದು ತೋರಿಸಿದ್ದು ಇದನ್ನೇ: ಯಾವ ಅಲುಗಾಟ ಸಹಜದ್ದು, ಯಾವುದಕ್ಕೆ ಎದ್ದು ಹೋಗಿ ಕಾರಣ ಹುಡುಕಬೇಕು ಎಂದು ಬೇರೆ ಮಾಡುವ ಎರಡು ಗೆರೆಗಳು. ಜಪಾನಿನ ಕಾರ್ಖಾನೆಗಳಲ್ಲಿ 1962ರಿಂದ ಕೆಲಸಗಾರರೇ ಗುಂಪು ಕಟ್ಟಿಕೊಂಡು ಇಂಥ ಚಿತ್ರಗಳನ್ನು ತಾವೇ ಬರೆಯುತ್ತ ಬಂದರು. ನಮ್ಮ ಗೋಡೆಗೆ ಅಷ್ಟು ದೊಡ್ಡ ಹೆಸರು ಬೇಡ. ಆದರೆ ಅವತ್ತಿನಿಂದ ನಾನು ಯಾವ ತೇವಾಂಶವನ್ನೂ ಒಂದೇ ಸಲ ಓದಿ ಬರೆದಿಲ್ಲ.

ಹೀಗೆ ಬುಧವಾರದ ಅರ್ಧ ಗಂಟೆ ಶುರುವಾಯಿತು. ಸಾಹುಕಾರರ ಮಗನ ಬಳಿ ನಾನು ಕೇಳಿದ್ದು ಒಂದೇ: ಅದು ಕೆಲಸದ ವೇಳೆಯೊಳಗೇ ಇರಬೇಕು, ಕೂಲಿ ಕತ್ತರಿಸಬಾರದು. ಸಂಜೆ ಐದೂವರೆಯ ಮೇಲೆ ಇಟ್ಟರೆ ಹೆಂಗಸರು ಪಾಠ ಕೇಳುತ್ತಾರೋ ಬಸ್ಸಿನ ಶಬ್ದ ಕೇಳುತ್ತಾರೋ? ಅವನು ಒಪ್ಪಿದ. ಆ ಒಂದು ಒಪ್ಪಿಗೆಯನ್ನು ನಾನು ಅವನ ಸಾಫ್ಟ್‌ವೇರಿಗಿಂತ ಹೆಚ್ಚಿನದೆಂದು ಎಣಿಸುತ್ತೇನೆ. ವಿಷಯ ಆ ವಾರದ ಕೆಲಸದಿಂದಲೇ ಬರಬೇಕು, ಸಂಖ್ಯೆ ಎಲ್ಲಿ ಹುಟ್ಟುತ್ತದೋ ಅಲ್ಲಿಗೇ ಎಲ್ಲರೂ ಹೋಗಿ ನಿಲ್ಲಬೇಕು. ಲೆಕ್ಕ ಬರೆಯುವ ನಾನು ತೂಕದ ಯಂತ್ರಕ್ಕೆ ಮೂಟೆ ಇಳಿಸಬೇಕು, ಮೂಟೆ ಇಳಿಸುವವನು ನನ್ನ ಪುಸ್ತಕದಲ್ಲಿ ಬರೆಯಬೇಕು. ಮೊದಲ ದಿನವೇ ನನ್ನ ಬೆನ್ನು ಹಿಡಿಯಿತು. ಅವನು ನನ್ನ ಪುಸ್ತಕದಲ್ಲಿ ಎರಡು ಕಾಲಂ ಒಂದೇ ವಿಷಯಕ್ಕೆ ಇವೆ ಎಂದು ತೋರಿಸಿಕೊಟ್ಟ. ಹತ್ತೊಂಬತ್ತು ವರ್ಷ ಎರಡನ್ನೂ ತುಂಬಿಸುತ್ತ ಬಂದಿದ್ದೆ.

ಮೂರನೆಯದೋ ನಾಲ್ಕನೆಯದೋ ಬುಧವಾರ ಮಾದರಿ ತೆಗೆಯುವ ವಿಷಯ ಬಂತು. ಲಾರಿ ಬಂದಾಗ ಚೀಲಕ್ಕೆ ಕೊಳವೆ ಚುಚ್ಚಿ ಒಂದಿಷ್ಟು ಬೀಜ ಎಳೆಯುತ್ತಾರೆ. ಎಳೆಯುವವನು ಯಾವಾಗಲೂ ಕೈಗೆ ಸಿಗುವ ಹಿಂಬದಿಯ ಚೀಲಗಳಿಗೇ ಚುಚ್ಚುತ್ತಾನೆ. ಕೇಳಿದರೆ ಅವನ ಉತ್ತರ ಸಿದ್ಧವಿತ್ತು: “ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕಲ್ಲ ಮೇಡಂ.” ಗಾದೆಯ ಮುಂದೆ ವಾದ ಮಾಡುವುದು ಕಷ್ಟ. ನಾನು ಸುಮ್ಮನಾದೆ. ಬೀಜ ಆರಿಸುವ ಗಾರ್ಬ್ಲಿಂಗ್ ವಿಭಾಗದ ಹಿರಿಯಾಕೆಯೊಬ್ಬರು ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು. “ಅಗುಳು ನೋಡುವ ಮುಂಚೆ ಸೌಟು ಹಾಕಿ ತಿರುವುತ್ತೇವಲ್ಲಪ್ಪ. ಲಾರಿಯನ್ನು ಯಾರು ತಿರುವಿದರು?”

ಇಡೀ ಕೋಣೆ ನಕ್ಕಿತು. ಆದರೆ ಆಕೆ ಹೇಳಿದ್ದರಲ್ಲಿ ಮಾದರಿಯ ಶಾಸ್ತ್ರವೆಲ್ಲ ಇದೆ. ಪಾತ್ರೆಯೊಳಗಿನ ಅಕ್ಕಿ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೇಯುತ್ತದೆ. ಲಾರಿಯಲ್ಲಿ ಮೇಲಿನ ಸಾಲು ಒಂದು ಕಣದ್ದು, ತಳದ ಸಾಲು ಇನ್ನೊಂದು ಕಣದ್ದು, ಮೂಲೆಯ ನಾಲ್ಕು ಚೀಲ ಮಳೆಗೆ ನೆನೆದವು. ಅಲ್ಲಿ ಒಂದಗುಳು ತನ್ನ ಕಥೆ ಮಾತ್ರ ಹೇಳುತ್ತದೆ. ಕಡೂರು ಕಡೆಯಿಂದ ಬರುವ ಇನ್ನೊಬ್ಬಾಕೆ ತಮ್ಮ ಹೊಲದ ಸಂಗತಿ ಹೇಳಿದರು. ಬೆಳೆ ವಿಮೆಗೆಂದು ರಾಗಿ ಕಟಾವಿನ ಪ್ರಯೋಗಕ್ಕೆ ಬಂದ ಗ್ರಾಮ ಲೆಕ್ಕಿಗರು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಜಾಗ ಗುರುತು ಮಾಡುವಾಗ ಆಕೆಯ ಅಪ್ಪ ಒಣಗಿ ನಿಂತ ಮೂಲೆಯ ಕಡೆಗೆ ಅವರನ್ನು ಕೈ ಹಿಡಿದು ಎಳೆದರಂತೆ. ಅವರು ಹೋಗಲಿಲ್ಲ, ಚೀಟಿಯಲ್ಲಿ ಬಂದ ಸಂಖ್ಯೆಯಷ್ಟು ಹೆಜ್ಜೆ ಹಾಕಿ ಎಲ್ಲಿ ನಿಂತರೋ ಅಲ್ಲೇ ಗೂಟ ಹೊಡೆದರು. “ಅಪ್ಪನಿಗೆ ಇವತ್ತಿಗೂ ಸಿಟ್ಟು” ಎಂದರು ಆಕೆ. 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಅವರ ಕಾಲದಿಂದ ನಡೆದುಬಂದ ವಿದ್ಯೆ ಕಡೂರಿನ ರಾಗಿ ಹೊಲದಲ್ಲಿ ಒಬ್ಬ ರೈತನನ್ನು ರೇಗಿಸಿದ್ದು ನನಗೆ ಬಹಳ ಹಿಡಿಸಿತು. ಮರುದಿನದಿಂದ ನಮ್ಮಲ್ಲೂ ಚೀಟಿ ಬಂತು. ಲಾರಿ ಇಳಿಯುವಾಗ ಯಾವ ಯಾವ ಚೀಲಕ್ಕೆ ಚುಚ್ಚಬೇಕು ಎಂಬುದನ್ನು ಈಗ ಹಳೆಯ ಬಿಸ್ಕತ್ತಿನ ಡಬ್ಬಿಯೊಳಗಿನ ಚೀಟಿ ಹೇಳುತ್ತದೆ.

ಇನ್ನು ಸರಾಸರಿಯ ಕಥೆ. ಇದರಲ್ಲಿ ತಪ್ಪು ಪೂರಾ ನನ್ನದು.

ಕಾಫಿಯವರಿಗೆ ಔಟ್‌ಟರ್ನ್ ಎಂದರೆ ಪ್ರಾಣ. ಐವತ್ತು ಕೆ.ಜಿ. ಚೀಲ ಕೊಟ್ಟರೆ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೀಜ ಸಿಕ್ಕಿತು ಎಂಬ ಲೆಕ್ಕ ಅದು. ಪಾರ್ಚ್‌ಮೆಂಟಾದರೆ ಹತ್ತಿರ ಹತ್ತಿರ ನಲವತ್ತು, ಚೆರ್ರಿಯಾದರೆ ಇಪ್ಪತ್ತೈದರ ಆಸುಪಾಸು. ಸಾಹುಕಾರರ ಮಗ, “ಇಡೀ ವರ್ಷಕ್ಕೆ ಒಂದೇ ಒಂದು ಸಂಖ್ಯೆ ಕೊಡಿ ಮೇಡಂ, ಪರದೆಯ ಮೇಲೆ ದೊಡ್ಡದಾಗಿ ಕಾಣಬೇಕು” ಎಂದಿದ್ದ. ಕೊಟ್ಟೆ. ಹೋದ ವರ್ಷ 35.15. ಈ ವರ್ಷ 32.75. ಚೀಲಕ್ಕೆ ಎರಡು ಕೆ.ಜಿ. ನಾನೂರು ಗ್ರಾಂ ಕಡಿಮೆ. ಅವನು ಅದನ್ನು ಹತ್ತು ಸಾವಿರ ಚೀಲಕ್ಕೆ ಗುಣಿಸಿ, ಇಪ್ಪತ್ತನಾಲ್ಕು ಟನ್ ಕಾಫಿ ಎಲ್ಲಿ ಹೋಯಿತು ಎಂದು ಕೇಳಿದ. ಕೇಳಿದ್ದು ನನ್ನನ್ನಲ್ಲ, ಕಣ ಮತ್ತು ಗೋದಾಮು ಕಾಯುವವರನ್ನು. ಎರಡೇ ದಿನದಲ್ಲಿ ಗೇಟಿನ ಬಳಿ ಊಟದ ಡಬ್ಬಿಗಳನ್ನು ಬಿಚ್ಚಿಸಿ ನೋಡತೊಡಗಿದರು. ಇಪ್ಪತ್ತನಾಲ್ಕು ಟನ್ ಊಟದ ಡಬ್ಬಿಯಲ್ಲಿ! ಮೇಸ್ತ್ರಿಗಳು ಒಂದೇ ಮಾತು ಹೇಳುತ್ತಿದ್ದರು: “ಈ ವರ್ಷ ಚೆರ್ರಿ ಜಾಸ್ತಿ ಬಂದಿದೆ.” ಅದು ನೆಪದ ಹಾಗೆ ಕೇಳುತ್ತಿತ್ತು. ನನ್ನ ಕಿವಿಗೂ.

ಬುಧವಾರ ಸ್ಯಾಂಪಲ್ ಕೋಣೆಯ ಉದ್ದ ಮೇಜಿನ ಮೇಲೆ ಮೇಸ್ತ್ರಿಗಳು ಕ್ಯಾಂಟೀನಿನಿಂದ ಇಪ್ಪತ್ತು ಸ್ಟೀಲ್ ಬಟ್ಟಲು ತರಿಸಿ ಎರಡು ಸಾಲು ಮಾಡಿದರು. ಒಂದು ಗ್ರಾಂ ಎಂದರೆ ಒಂದು ಕೆ.ಜಿ. ಎಂದು ಲೆಕ್ಕ. ಮೊದಲ ಸಾಲು ಹೋದ ವರ್ಷ: ಬಂದ ಹತ್ತು ಚೀಲದಲ್ಲಿ ಏಳು ಪಾರ್ಚ್‌ಮೆಂಟ್, ಮೂರು ಚೆರ್ರಿ. ಏಳು ಬಟ್ಟಲಿಗೆ 39.5 ಗ್ರಾಂ ಬೀಜ, ಮೂರಕ್ಕೆ 25 ಗ್ರಾಂ, ತೂಗಿ ತೂಗಿ ಹಾಕಿದೆವು. ಎರಡನೆಯ ಸಾಲು ಈ ವರ್ಷ: ತೋಟದಲ್ಲಿ ತಿರುಳು ತೆಗೆಯುವ ಪಲ್ಪರ್ ಯಂತ್ರ ಓಡಿಸಲು ಆಳಿಲ್ಲ, ತೊಳೆಯಲು ನೀರಿಲ್ಲ ಎಂದು ಬಹಳ ಜನ ಹಣ್ಣನ್ನು ಹಾಗೆಯೇ ಒಣಗಿಸಿದ್ದರು. ಐದು ಪಾರ್ಚ್‌ಮೆಂಟ್, ಐದು ಚೆರ್ರಿ. ಪಾರ್ಚ್‌ಮೆಂಟಿನ ಬಟ್ಟಲಿಗೆ 40 ಗ್ರಾಂ, ಚೆರ್ರಿಯದಕ್ಕೆ 25.5. ಎರಡೂ ಹೋದ ವರ್ಷಕ್ಕಿಂತ ಅರ್ಧ ಗ್ರಾಂ ಹೆಚ್ಚು. ಆಮೇಲೆ ಒಂದೊಂದು ಸಾಲನ್ನೂ ಒಂದೊಂದು ತಟ್ಟೆಗೆ ಸುರಿದು ತೂಗಿದರು. ಮೊದಲ ತಟ್ಟೆ 351.5. ಎರಡನೆಯದು 327.5. ವ್ಯತ್ಯಾಸ ಇಪ್ಪತ್ತನಾಲ್ಕು.

ಸಾಹುಕಾರರ ಮಗ ತಕ್ಕಡಿಯನ್ನೇ ನೋಡುತ್ತ ನಿಂತ. ಒಂದೊಂದು ಬಟ್ಟಲಿನಲ್ಲೂ ಹೆಚ್ಚಾಗಿದೆ, ತಟ್ಟೆಯಲ್ಲಿ ಮಾತ್ರ ಕಡಿಮೆಯಾಗಿದೆ. ಕೆಲಸ ಕೆಟ್ಟಿರಲಿಲ್ಲ, ಕೊಂಚ ಸುಧಾರಿಸಿಯೇ ಇತ್ತು. ಬೆರಕೆಯ ಪ್ರಮಾಣ ಬದಲಾಗಿತ್ತು, ಅಷ್ಟೇ. ಎಡ್ವರ್ಡ್ ಸಿಂಪ್ಸನ್ ಎಂಬವರು 1951ರಲ್ಲಿ ಇದರ ಬಗ್ಗೆ ಬರೆದದ್ದರಿಂದ ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸ ಎಂಬ ಹೆಸರಿದೆ ಎಂದು ಆಮೇಲೆ ಓದಿದೆ. ಮೇಸ್ತ್ರಿಗಳಿಗೆ ಸಂಗತಿ ಮೊದಲೇ ಗೊತ್ತಿತ್ತು. ಅದನ್ನು ಸಂಖ್ಯೆಯ ಭಾಷೆಯಲ್ಲಿ ಹೇಳಲು ಬಾರದೆ ಕಳ್ಳರ ಸಾಲಿನಲ್ಲಿ ನಿಂತಿದ್ದರು. ನನಗೆ ಸಂಖ್ಯೆಯ ಭಾಷೆ ಗೊತ್ತಿತ್ತು, ಸಂಗತಿ ಗೊತ್ತಿರಲಿಲ್ಲ.

“ಹಾಗಾದರೆ ಸರಾಸರಿಯನ್ನೇ ತೆಗೆಯಬಾರದೇ ಮೇಸ್ತ್ರಿಗಳೇ?” ಎಂದು ಅವನು ಕೇಳಿದ.

“ತೆಗೆಯಿರಿ ಸ್ವಾಮಿ. ಆದರೆ ಕಡೂರಿನ ಮಳೆಯನ್ನೂ ಶೃಂಗೇರಿಯ ಮಳೆಯನ್ನೂ ಕೂಡಿಸಿ ಭಾಗಿಸಿ ಅದನ್ನು ನಂಬಿ ನಾಟಿ ಮಾಡಬೇಡಿ.”

ಒಂದೇ ಜಿಲ್ಲೆಯಲ್ಲಿ ಕಡೂರಿಗೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಶೃಂಗೇರಿಗೆ 3,500 ದಾಟುವ ಮಳೆ. ಜಿಲ್ಲೆಯ ಸರಾಸರಿ ಮಳೆ ಬೀಳುವ ಊರನ್ನು ಹುಡುಕಿಕೊಂಡು ಹೊರಟರೆ ದಾರಿಯಲ್ಲೇ ಸಂಜೆಯಾಗುತ್ತದೆ. ಡಬ್ಬಿ ಬಿಚ್ಚಿಸುವುದು ಮರುದಿನ ನಿಂತಿತು. ಕ್ಷಮೆಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಬೇಕಾಗಿತ್ತು.

ಯುರೋಪಿನ ಕೊಳ್ಳುವವರ ಕಾಗದದ ಕೆಲಸ ಈಚಿನದು. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ತಮಗೆ ಬೇಡವೆಂದು ಯುರೋಪಿನ ಒಕ್ಕೂಟ 2023ರಲ್ಲಿ ನಿಯಮ ತಂದ ಮೇಲೆ ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಕೂಡಿಸಬೇಕಾಯಿತು. ನಾಲ್ಕು ಹೆಕ್ಟೇರ್ ದಾಟಿದ ತೋಟಕ್ಕೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ನಮ್ಮ ಹುಡುಗ ನೂರಾರು ತೋಟಗಳ ಸಂಖ್ಯೆ ಒತ್ತಿದ. ನಕ್ಷೆ ತೆರೆದರೆ ಆಲ್ದೂರಿನ ಒಂದು ತೋಟ ನಾರ್ವೆಗೂ ಉತ್ತರದಲ್ಲಿ, ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ತೇಲುತ್ತಿತ್ತು. ಅಕ್ಷಾಂಶ 13 ಇರಬೇಕಾದ ಕಡೆ 75, ರೇಖಾಂಶ 75 ಇರಬೇಕಾದ ಕಡೆ 13. ಹಿಡಿದದ್ದು ಅವನೇ. “ಇಲ್ಲಿ ಹೂಮಳೆ ಬೀಳುವುದಿಲ್ಲ ಮೇಡಂ” ಎಂದು ಪರದೆ ತೋರಿಸಿ ನಕ್ಕ. ಒಂದು ವರ್ಷದ ಹಿಂದೆ 110 ಸೆಂಟನ್ನು ಮಿಲಿಮೀಟರ್ ಮಾಡಿದ್ದ ಹುಡುಗ.

ಇಷ್ಟರವರೆಗಿನದನ್ನೆಲ್ಲ ನಾನು ಖುಷಿಯಿಂದ ಬರೆಯಬಲ್ಲೆ. ಮುಂದಿನದು ಸ್ವಲ್ಪ ಬೇರೆ.

ಬಣ್ಣ ನೋಡಿ ಬೀಜ ಆರಿಸುವ ಯಂತ್ರ ಬಂದ ಮೇಲೆ ನಮ್ಮಲ್ಲಿ ಗಾರ್ಬ್ಲಿಂಗ್ ಹೆಂಗಸರು ಕಡಿಮೆಯಾಗಿ ಈಗ ಹದಿನೆಂಟು ಜನ ಉಳಿದಿದ್ದಾರೆ. ಉದ್ದನೆಯ ಕೋಣೆ, ಎರಡು ಸಾಲು ಮೇಜು. ದಿನಗೂಲಿಯ ಮೇಲೆ, ಆರಿಸಿದ ಕೆ.ಜಿ. ನೋಡಿ ಒಂದಿಷ್ಟು ಹೆಚ್ಚುವರಿ. ಕಿಟಕಿಯ ಕಡೆ ಹಳಬರು, ಒಳಗಿನ ಮೂಲೆಯ ಆರು ಸೀಟಿನಲ್ಲಿ ಹೊಸಬರು. ಮೂಲೆಯವರಿಗೆ ಯಾವಾಗಲೂ ಹೆಚ್ಚುವರಿ ಕಡಿಮೆ. ಕಾರಣ ಎಲ್ಲರಿಗೂ ಗೊತ್ತಿತ್ತು: ಹೊಸಬರು, ಕೈ ಇನ್ನೂ ಪಳಗಿಲ್ಲ.

ಒಂದು ಬುಧವಾರ ಹೊಸಬಳೊಬ್ಬಳು ಕೇಳಿದಳು: “ಕೈ ಪಳಗಿಲ್ಲವೋ ಕಣ್ಣಿಗೆ ಕಾಣುವುದಿಲ್ಲವೋ, ಹೇಗೆ ಗೊತ್ತಾಗುತ್ತದೆ ಅಕ್ಕಾ?”

ನಾನು ಉತ್ತರ ಹುಡುಕುವಷ್ಟರಲ್ಲಿ ಸೌಟಿನ ಮಾತಾಡಿದ್ದ ಹಿರಿಯಾಕೆ, “ಚೀಟಿ ಹಾಕೋಣ” ಎಂದರು. ಬಿಸ್ಕತ್ತಿನ ಡಬ್ಬಿ ಬಂತು. ಹನ್ನೆರಡು ಕೆಲಸದ ದಿನ, ದಿನಾ ಬೆಳಗ್ಗೆ ಚೀಟಿ ಎತ್ತಿ ಬಂದ ಸೀಟಿನಲ್ಲಿ ಕೂರುವುದು. ಕಿಟಕಿಯ ಪಕ್ಕ ಇಪ್ಪತ್ತು ವರ್ಷ ಕೂತ ಒಬ್ಬರು ಮೊದಲ ಎರಡು ದಿನ ಎದ್ದೇಳಲಿಲ್ಲ. ಮೂರನೆಯ ದಿನ, ಗೊಣಗುತ್ತಲೇ, ಚೀಟಿ ಎತ್ತಿದರು.

ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ನಾನು ಹೊರಟಿದ್ದೆ. ಹೆಂಗಸರು ಬಿಡಲಿಲ್ಲ. ಕಾಗದದ ಚೀಲ ಹರಿದು ಅಂಟಿಸಿ ಗೋಡೆಯಗಲದ ಹಾಳೆ ಮಾಡಿದರು. ಅಡ್ಡಕ್ಕೆ ಸೀಟಿನ ಸಂಖ್ಯೆ, ಮೇಲಕ್ಕೆ ಕೆ.ಜಿ. ಚುಕ್ಕೆಗೆ ಸ್ಟಿಕ್ಕರ್ ಬೊಟ್ಟು. ಒಬ್ಬೊಬ್ಬರದು ಒಂದೊಂದು ಬಣ್ಣ, ಒಂದೊಂದು ಗಾತ್ರ. ಹಿರಿಯಾಕೆಯದು ಕಾಸಿನಗಲದ ಕೆಂಪು, ಹೊಸಬಳದು ಎಳ್ಳಿನಷ್ಟು ಕಪ್ಪು. ಸಂಜೆ ತೂಕವಾದ ಮೇಲೆ ಒಬ್ಬೊಬ್ಬರೂ ಹೋಗಿ ತಮ್ಮ ಬೊಟ್ಟು ತಾವೇ ಅಂಟಿಸುತ್ತಿದ್ದರು, ಬಸ್ಸಿಗೆ ತಡವಾದರೂ. ಎರಡು ವಾರ ಮುಗಿಯುವಾಗ ಹಾಳೆಯಲ್ಲಿ ಇನ್ನೂರಕ್ಕೂ ಹೆಚ್ಚು ಬೊಟ್ಟು. ದೂರ ನಿಂತು ನೋಡಿದರೆ ಹಾಳೆ ಎಡಗಡೆ ಎತ್ತರ, ಬಲಗಡೆಯ ಆರು ಸೀಟಿನ ಬಳಿ ಕುಸಿದಿತ್ತು. ಅಲ್ಲಿ ಕೂತ ದಿನ ಕಾಸಿನಗಲದ ಕೆಂಪು ಬೊಟ್ಟೂ ಎರಡು ಮೂರು ಕೆ.ಜಿ. ಕೆಳಗೆ ಇಳಿದಿತ್ತು. ಕಿಟಕಿಗೆ ಬಂದ ದಿನ ಎಳ್ಳಿನ ಬೊಟ್ಟು ಮೇಲೇರಿತ್ತು, ಆದರೆ ಹಳಬರ ಎತ್ತರಕ್ಕಲ್ಲ. ಕೈ ಪಳಗಬೇಕಾದದ್ದೂ ನಿಜ, ಬೆಳಕಿಲ್ಲದ್ದೂ ನಿಜ. ಹಳೆಯ ಏರ್ಪಾಟಿನಲ್ಲಿ ಕತ್ತಲೂ ಹೊಸಬರೂ ಒಂದೇ ಮೂಲೆಯಲ್ಲಿ ಇದ್ದದ್ದರಿಂದ ಎರಡನ್ನೂ ಬಿಡಿಸಿ ನೋಡಲು ಯಾರಿಗೂ ಆಗಿರಲಿಲ್ಲ. ನೋಡಬೇಕೆಂದು ಅನ್ನಿಸಿಯೂ ಇರಲಿಲ್ಲ.

ಸಾಹುಕಾರರ ಮಗ ಹಾಳೆಯ ಮುಂದೆ ಐದು ನಿಮಿಷ ನಿಂತು, ಮರುವಾರ ನಾಲ್ಕು ಟ್ಯೂಬ್‌ಲೈಟ್ ಹಾಕಿಸಿದ. ಹಾಳೆಯ ಫೋಟೊ ತೆಗೆದು ಬೆಂಗಳೂರಿನ ಗೆಳೆಯರಿಗೆ ಕಳಿಸಿದ. ಎಲ್ಲರಿಗೂ ಸಂತೋಷವಾಯಿತು, ಕ್ಯಾಂಟೀನಿನಲ್ಲಿ ಅವತ್ತು ಮಸಾಲೆ ವಡೆ.

ವಡೆ ತಿನ್ನುತ್ತ ಹೊಸಬಳು ನನ್ನ ಪಕ್ಕ ಬಂದು ನಿಂತಳು. “ಅಕ್ಕಾ, ಹಿಂದಿನ ವರ್ಷಗಳ ಲೆಕ್ಕವನ್ನೂ ಹೀಗೆ ತೆಗೆಯಲು ಬರುತ್ತದೆಯೇ? ನನಗಿಂತ ಮೊದಲು ಆ ಮೂಲೆಯಲ್ಲಿ ನಮ್ಮ ಅತ್ತೆ ಕೂರುತ್ತಿದ್ದರು.”

ಬರುತ್ತದೆ. ನನ್ನ ಪುಸ್ತಕದಲ್ಲಿ ಹೆಸರುಗಳನ್ನು ಸೀಟಿನ ಕ್ರಮದಲ್ಲೇ ಬರೆಯುತ್ತ ಬಂದಿದ್ದೇನೆ, ಪಕ್ಕದಲ್ಲೇ ಕೆ.ಜಿ., ಅದರ ಪಕ್ಕ ಹಣ. ಯಾರು ಯಾವಾಗ ಮೂಲೆಯಿಂದ ಕಿಟಕಿಗೆ ಬಂದರು, ಬಂದ ಮೇಲೆ ಎಷ್ಟು ಏರಿತು, ಎಲ್ಲವನ್ನೂ ತೆಗೆಯಬಹುದು. ರಜೆ ಹಾಕಿದ ದಿನಕ್ಕೆ ಗೆರೆ, ಬಂದೂ ಹೆಚ್ಚುವರಿ ಸಿಗದ ದಿನಕ್ಕೆ ಸೊನ್ನೆ. ಅಪ್ಪನಿಂದ ಬಂದ ಅಭ್ಯಾಸ. “ನೋಡೋಣಮ್ಮ” ಎಂದೆ.

ಆ ಪುಸ್ತಕಗಳು ನನ್ನ ಕುರ್ಚಿಯ ಹಿಂದಿನ ಬೀರುವಿನಲ್ಲಿವೆ. ಬುಧವಾರದ ಅರ್ಧ ಗಂಟೆಯಲ್ಲಿ ಅವಳು ಮತ್ತೆ ಅದನ್ನು ಕೇಳಿಲ್ಲ, ಒಂದೊಂದು ಸಲ ಬೀರುವಿನ ಕಡೆ ನೋಡುತ್ತಾಳೆ. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಮೊದಲ ಮೂರು ಪುಸ್ತಕ ಕೆಳಗಿಳಿಸಿ, ಧೂಳು ಒರೆಸಿ, ಮೇಜಿನ ಮೇಲಿಟ್ಟಿದ್ದೇನೆ. ಸಾಹುಕಾರರ ಮಗನಿಗೆ ಇನ್ನೂ ಹೇಳಿಲ್ಲ.